ತಾಯಮ್ಮನ ಗದ್ದದ ಮೂರು ಚುಕ್ಕಿ

ಮೊಮ್ಮಗಳು ಸಿಂಚನಾ ಹಾಸನದಲ್ಲಿ ಹಳೇ ನೆಗೆಟಿವ್, ಸ್ಲೈಡುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಕೆಲಸ ಶುರು ಮಾಡಿದ್ದಾಳೆ. ಮೊಮ್ಮಗ ಚಂದನನೂ ಅವಳ ಜೊತೆ ಸೇರುತ್ತಾನಂತೆ. ಹೋದ ವಾರ ಬಂದವಳು ಒಂದು ನೋಟ್‌ಬುಕ್ಕು, ಎರಡು ಪೆನ್ನು ತಂದು ನನ್ನ ಮುಂದಿಟ್ಟಳು.

"ಅಜ್ಜಿ, ಮೊದಲನೇ ಸ್ಕ್ಯಾನರ್ ಯಾಕೆ ವಾಪಸ್ ಕಳಿಸ್ದೆ, ಎರಡನೇದು ಯಾಕೆ ಬ್ಯಾಡ ಅಂದೆ, ಎಲ್ಲಾ ಬರ್ಕೊಡು. ಬಾಯಲ್ಲಿ ಕೇಳಿದ್ರೆ ನೀನು ಸುಮ್ನೆ ನಕ್ಕುಬಿಡ್ತೀಯ."

ಅವಳು ಹೇಳಿದ್ದು ನಿಜ. ನಾಲ್ಕು ಜನರ ಎದುರು ನನಗೆ ಮಾತು ಬರುವುದಿಲ್ಲ. ಹಳ್ಳಿಮೈಸೂರಿನ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಮೇಷ್ಟ್ರು ಪದ್ಯ ಒಪ್ಪಿಸಲು ನಿಲ್ಲಿಸಿದರೆ ಪೂರ್ತಿ ಬರುತ್ತಿದ್ದರೂ ಬಾಯಿ ತೆರೆಯುತ್ತಿರಲಿಲ್ಲ. ಸ್ಲೇಟಿನಲ್ಲಾದರೆ ತಪ್ಪಿಲ್ಲದೆ ಬರೆದು ತೋರಿಸುತ್ತಿದ್ದೆ. ಈಗಲೂ ಹಾಗೇ ಮಾಡುತ್ತಿದ್ದೇನೆ ಎಂದುಕೊಳ್ಳಿ.

ಮಕ್ಕಳೇ, ನಿಮ್ಮ ತಾತ ಹೊಳೆನರಸೀಪುರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದು ನಿಮಗೆಲ್ಲ ಗೊತ್ತು. ಅದರ ಹಿಂದಿನ ಕತ್ತಲೆ ಕೋಣೆಯಲ್ಲಿ ನಾನು ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದೆ ಎಂಬುದು ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ. ಅದರಲ್ಲಿ ನಿಮ್ಮ ತಪ್ಪಿಲ್ಲ. ಬೋರ್ಡಿನ ಮೇಲೆ ಅವರ ಹೆಸರಿತ್ತು, ಗಿರಾಕಿಗಳ ಮುಂದೆ ಅವರೇ ನಿಲ್ಲುತ್ತಿದ್ದರು. ನನಗೆ ಅದೇ ಬೇಕಾಗಿತ್ತು. ಮದುವೆಯಾಗಿ ಬಂದ ತಿಂಗಳಲ್ಲೇ ಅವರು ಕೇಳಿದ್ದರು.

"ಜಯಾ, ಮುಂದೆ ಬಂದು ಜನರ ಕೂದಲು, ಸೆರಗು ಸರಿಮಾಡಿ ಕೂರಿಸ್ತೀಯಾ, ಇಲ್ಲಾ ಒಳಗೆ ತೊಳೀತೀಯಾ?"

"ಒಳಗೆ," ಎಂದೆ. ಇಷ್ಟು ಬೇಗ ಉತ್ತರ ಕೊಟ್ಟಿದ್ದು ನನ್ನ ಜೀವಮಾನದಲ್ಲೇ ಅದೊಂದೇ ಸಲ ಇರಬೇಕು.

ಫಿಲ್ಮ್ ತೊಳೆಯುವುದು ಕಷ್ಟದ ಕೆಲಸವಲ್ಲ, ಎಚ್ಚರದ ಕೆಲಸ. ಮಳೆಗಾಲದಲ್ಲಿ ನಲ್ಲಿಯಲ್ಲಿ ಹೊಳೆಯ ಕೆನ್ನೀರು ಬರುತ್ತಿತ್ತು. ಕಣ್ಣಿಗೆ ಕಾಣದಂಥ ಮರಳಿನ ಕಣವೊಂದು ಒದ್ದೆ ಫಿಲ್ಮಿಗೆ ಅಂಟಿದರೆ ಮದುವಣಗಿತ್ತಿಯ ಮೂಗಿನ ಮೇಲೆ ಬಿಳೀ ಚುಕ್ಕೆ. ಅದಕ್ಕೆ ನಮ್ಮತ್ತೆಯ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ನಲ್ಲಿಗೆ ಕಟ್ಟಿ ನೀರು ಸೋಸಿಕೊಳ್ಳುತ್ತಿದ್ದೆ. ನಮ್ಮತ್ತೆ ಬಂದು ನೋಡಿ, "ಅಲ್ಲಾ ಕಣೇ, ನನ್ ಸೀರೇಲಿ ಊರೋರ ಮಕಾ ತೊಳೀತಿದ್ದೀಯಲ್ಲೇ!" ಎಂದು ನಕ್ಕಿದ್ದರು. ಈಗ ನಿಮಗೆ ನೀರಿನ ಗೋಳಿಲ್ಲ, ಧೂಳಿನ ಗೋಳು. ಸ್ಕ್ಯಾನರಿಗೆ ಇಡುವ ಮೊದಲು ಮೆತ್ತನೆ ಬ್ರಷ್ಷಿನಲ್ಲಿ ಒಂದು ಸಲ ಆಡಿಸಿ. ಬಾಯಲ್ಲಿ ಊದಬೇಡಿ. ಎಂಜಲು ಬೀಳುತ್ತದೆ.

ತೊಳೆಯುವುದಕ್ಕಿಂತ ದೊಡ್ಡ ಕೆಲಸ ಟಚಿಂಗ್. ನೆಗೆಟಿವ್‌ನಲ್ಲಿ ಕಪ್ಪು ಬಿಳಿ ಅದಲುಬದಲಾಗಿರುತ್ತದೆ. ಮುಖದ ಮೇಲಿನ ಕಪ್ಪು ಮಚ್ಚೆ ಅಲ್ಲಿ ಗಾಜಿನಂತೆ ತಿಳಿಯಾಗಿ ಕಾಣುತ್ತದೆ. ಆ ತಿಳಿ ಜಾಗಕ್ಕೆ ಸೂಜಿಮೊನೆಯಂಥ ಪೆನ್ಸಿಲ್ಲಿನಿಂದ ಸೀಸ ತುಂಬಿದರೆ ಪ್ರಿಂಟಿನಲ್ಲಿ ಮಚ್ಚೆ ಮಾಯ. ಇದನ್ನು ನನಗೆ ಕಲಿಸಿದವರು ಹಾಸನದ ಪಾಪಣ್ಣನವರು. ನಿಮ್ಮ ತಾತ ಮೊದಲು ಅವರ ಕೈಕೆಳಗೇ ಇದ್ದವರು. ತಿಂಗಳ ಕಾಲ ಬೆಳಗಿನ ಬಸ್ಸಿಗೆ ಹಾಸನಕ್ಕೆ ಹೋಗಿ ಕಲಿತೆ. ಕಿಟಕಿಯ ಪಕ್ಕ ಓರೆ ಮೇಜು, ನಡುವೆ ಗಾಜು, ಕೆಳಗೆ ಬೆಳಕು ಮೇಲಕ್ಕೆ ಹಾಯಿಸುವ ಕನ್ನಡಿ. ಪೆನ್ಸಿಲ್ಲನ್ನು ಉಪ್ಪುಕಾಗದದ ಮೇಲೆ ಉಜ್ಜಿ ಉಜ್ಜಿ ಮೊನೆ ಮಾಡುವುದಕ್ಕೇ ಮೊದಲ ವಾರ ಹೋಯಿತು.

ಪಾಪಣ್ಣನವರು ಹೊಗಳಿದವರಲ್ಲ, ಬೈದವರೂ ಅಲ್ಲ. ಸರಿಯಾಗಿ ಮಾಡಿದರೆ "ಹೂಂ" ಎನ್ನುತ್ತಿದ್ದರು. ತಪ್ಪಿದರೆ ಹತ್ತಿಗೆ ಟರ್ಪೆಂಟೈನ್ ಅದ್ದಿ ನನ್ನ ಕೆಲಸವನ್ನೆಲ್ಲ ಒಂದೇ ಸಲಕ್ಕೆ ಒರೆಸಿ, "ಇನ್ನೊಂದ್ ಕಿತ ಮಾಡವ್ವ" ಎನ್ನುತ್ತಿದ್ದರು. ಕೊನೆಯ ದಿನ ಮಾತ್ರ ಸ್ವಲ್ಪ ಹೆಚ್ಚು ಮಾತಾಡಿದರು.

"ನೋಡವ್ವ, ಪೆನ್ಸಿಲ್ ನಿಂದು, ಮುಖ ಅವರ್ದು. ಕೇಳ್ದೆ ಮುಟ್ಬ್ಯಾಡ. ಏನ್ ತೆಗೀಬೇಕು ಅಂತ ಅವರೇ ಏಳ್ಲಿ."

ತಲೆಯಾಡಿಸಿ ಬಂದೆ. ಎರಡನೇ ವರ್ಷದಲ್ಲೇ ಆ ಮಾತು ಮೀರಿದೆ. ಈ ಕೆಲಸಕ್ಕೆ ಬರುವವರಿಗೆ ನಾನು ಹೇಳಬೇಕಾದದ್ದೆಲ್ಲ ಆ ಒಂದು ತಪ್ಪಿನಲ್ಲಿದೆ.

ರಾಮನಾಥಪುರದ ಹೊಗೆಸೊಪ್ಪು ಬೆಳೆಯುವ ಮನೆಯವರು ನಿಂಗೇಗೌಡರು. ಹರಾಜಿನಲ್ಲಿ ಸೊಪ್ಪಿಗೆ ಒಳ್ಳೇ ಬೆಲೆ ಬಂದ ಖುಷಿಯಲ್ಲಿ ತಾಯಿಯನ್ನು ನಮ್ಮ ಸ್ಟುಡಿಯೋಕ್ಕೆ ಕರೆತಂದರು. ತಾಯಿಯ ಹೆಸರು ತಾಯಮ್ಮ. ಐವತ್ತರ ಹತ್ತಿರದ ಹೆಂಗಸು. ಗದ್ದದ ಮೇಲೆ ಮೂರು ಚುಕ್ಕಿ ಹಚ್ಚೆ, ಹಣೆಯಲ್ಲಿ ಒಂದು ಉದ್ದ ಗೆರೆ ಹಚ್ಚೆ. ಗೋಡೆಗೆ ಹಾಕುವಂಥ ದೊಡ್ಡ ಪಟ ಬೇಕೆಂದಿದ್ದರು. ನೆಗೆಟಿವ್ ಒಣಗಿದ ಮೇಲೆ ಮೇಜಿಗೆ ಇಟ್ಟುಕೊಂಡೆ. ಆ ವರ್ಷ ಹುಡುಗಿ ತೋರಿಸುವ ಫೋಟೋಗಳಿಗೆಲ್ಲ ಜನ ಹಚ್ಚೆ ತೆಗೆಸುತ್ತಿದ್ದರು. ಅದು ಹಳೇ ಕಾಲದ್ದು, ಹಳ್ಳಿಯದ್ದು ಎಂದು ಎಲ್ಲರೂ ಹೇಳುವುದನ್ನು ಕೇಳಿ ಕೇಳಿ ನನಗೂ ಹಾಗೇ ಅನ್ನಿಸಿತ್ತು. ಇಷ್ಟು ಲಕ್ಷಣವಾದ ಮುಖಕ್ಕೆ ಇದೇಕೆ ಎಂದುಕೊಂಡೆ. ಯಾರೂ ಕೇಳಿರಲಿಲ್ಲ. ಮೂರು ಚುಕ್ಕಿಗೂ ಸೀಸ ತುಂಬಿದೆ. ಹಣೆಯ ಗೆರೆ ದಪ್ಪವಾಗಿದ್ದರಿಂದ ಅದಕ್ಕೆ ಸಣ್ಣ ಬ್ರಷ್ಷಿನಲ್ಲಿ ಟಚಿಂಗಿನ ಕೆಂಪು ಬಣ್ಣ ಕುಡಿಸಿದೆ. ಅಷ್ಟು ಚೆಂದದ ಕೆಲಸ ನಾನು ಅದುವರೆಗೆ ಮಾಡಿರಲಿಲ್ಲ.

ಪಟ ತೆಗೆದುಕೊಳ್ಳಲು ತಾಯಿ, ಮಗ ಇಬ್ಬರೂ ಬಂದರು. ನಾನು ಪರದೆಯ ಹಿಂದೆ ನಿಂತಿದ್ದೆ, ಹೊಗಳುವುದನ್ನು ಕೇಳಿಸಿಕೊಳ್ಳಲು.

"ಇವ್ಳು ಯಾರ್ಲಾ?" ಎಂದರು ತಾಯಮ್ಮ.

ನಿಂಗೇಗೌಡರು ಜೋರಾಗಿ ನಕ್ಕರು. "ನೀನೇ ಕಣವ್ವಾ! ಟೌನ್ ಅಮ್ಮಾವ್ರು ಆಗ್ಬುಟ್ಟಿದ್ದೀಯ! ಭಾರೀ ಚೆನ್ನಾಗದೆ ಸಾ."

ತಾಯಮ್ಮ ನಗಲಿಲ್ಲ. ಪರದೆಯ ಸಂದಿಯಿಂದ ನನಗೆ ಅವರ ಕೈ ಕಾಣಿಸಿತು. ಪಟದ ಗದ್ದ ಸವರಿದರು, ಆಮೇಲೆ ತಮ್ಮ ಗದ್ದ ಮುಟ್ಟಿಕೊಂಡರು.

"ಇದ್ನ ಉಯ್ಸ್ದಾಗ ಮೂರ್ ದಿನ ಜರ ಬಂದಿತ್ತು ಕಣಪ್ಪಾ. ನಮ್ಮವ್ವ ತೊಡೆ ಮೇಲೆ ಮನಗಿಸ್ಕೊಂಡಿತ್ತು," ಎಂದು ನಿಮ್ಮ ತಾತನಿಗೆ ಹೇಳಿದರು. ಮಗನಿಗೆ ಇಷ್ಟವಾಗಿತ್ತು. ಪಟವನ್ನು ಟವಲಿನಲ್ಲಿ ಸುತ್ತಿಕೊಂಡು ಹೊರಟರು.

ಟರ್ಪೆಂಟೈನ್ ಬಾಟಲಿ ನನ್ನ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ನೆಗೆಟಿವ್‌ನಲ್ಲಿ ಗದ್ದ ಒರೆಸಿ ಬೇರೆ ಪ್ರಿಂಟ್ ಹಾಕಲು ಅರ್ಧ ದಿನ ಸಾಕಾಗಿತ್ತು. ಪರದೆ ಸರಿಸಿ, "ಅಮ್ಮಾ, ನಾನು ಮಾಡಿದ್ದು, ನಿಲ್ಲಿ" ಎನ್ನಬೇಕಾಗಿತ್ತು. ನಾಚಿಕೆ ಬಿಡಲಿಲ್ಲ. ಬಸ್ ಸ್ಟ್ಯಾಂಡಿನ ಕಡೆ ಅವರು ತಿರುಗುವವರೆಗೂ ಪರದೆ ಹಿಡಿದೇ ನಿಂತಿದ್ದೆ. ಸಂಜೆ ನಿಮ್ಮ ತಾತನಿಗೆ ಹೇಳಿಕೊಂಡರೆ, "ಅವರೇ ಒಪ್ಕೊಂಡು ಹೋದ್ರಲ್ಲ ಬಿಡು" ಎಂದರು. ಎರಡು ಮೂರು ವರ್ಷದಲ್ಲಿ ತಾಯಮ್ಮ ತೀರಿಕೊಂಡ ಸುದ್ದಿ ಬಂತು. ಅವರು ಕ್ಯಾಮೆರಾ ಮುಂದೆ ಕೂತಿದ್ದು ಅದೊಂದೇ ಸಲ.

ಅಲ್ಲಿಂದಾಚೆ ಕೇಳದೆ ಒಂದು ಮಚ್ಚೆಯನ್ನೂ ಮುಟ್ಟಲಿಲ್ಲ. ನಿಮ್ಮ ತಾತನೇ ಬಂದು ನನ್ನ ಪರವಾಗಿ ಗಿರಾಕಿಗಳನ್ನು ಕೇಳುತ್ತಿದ್ದರು. "ನಮ್ಮ ಒಳಗಿನ ಸಾಹೇಬರು ಕೇಳ್ತಾವ್ರೆ, ಈ ಗಾಯದ ಗುರುತು ಇರ್ಲಾ, ತೆಗೀಲಾ?" ಎನ್ನುವರು. ಒಳಗಿನ ಸಾಹೇಬರು ಯಾರೆಂದು ಊರಿಗೆ ಬಹಳ ಕಾಲ ತಿಳಿಯಲಿಲ್ಲ. ಸಂತೆಯಲ್ಲಿ ಎದುರಾದ ಹೆಂಗಸರ ಮುಖದ ಒಂದೊಂದು ಗೆರೆಯೂ ನನಗೆ ಗೊತ್ತಿರುತ್ತಿತ್ತು, ಅವರಿಗೆ ನಾನು ಯಾರೆಂದು ಗೊತ್ತಿರುತ್ತಿರಲಿಲ್ಲ. ಅದೊಂದು ಥರದ ಸುಖ.

ತಪ್ಪುಗಳು ಬೇರೆಯವೂ ಇದ್ದವು, ನಗುವಂಥವು. ಟಾಕೀಸಿನಲ್ಲಿ ಇಂಟರ್ವಲ್ಲಿಗೆ ತೋರಿಸುವ ಜಾಹೀರಾತಿನ ಸ್ಲೈಡುಗಳನ್ನೂ ನಾವೇ ಮಾಡಿಕೊಡುತ್ತಿದ್ದೆವು. ಒಂದು ಗೊಬ್ಬರದ ಅಂಗಡಿಯ ಸ್ಲೈಡಿಗೆ ಮೇಲೆ ಕೆಳಗಿನ ಗುರುತನ್ನು ನಾನು ತಿರುವುಮುರುವಾಗಿ ಹಾಕಿಬಿಟ್ಟೆ. ತೆರೆಯ ಮೇಲೆ ಚೀಲ ಹೊತ್ತ ರೈತ ತಲೆಕೆಳಗಾಗಿ ನಿಂತ. ಜನ ಶಿಳ್ಳೆ ಹೊಡೆದರಂತೆ. ಮಾರನೇ ದಿನ ಅಂಗಡಿಯವರು ಜಗಳಕ್ಕೆ ಬಂದರು ಎಂದುಕೊಂಡರೆ, "ಇನ್ನೊಂದ್ ವಾರ ಅಂಗೇ ಇರ್ಲಿ ಸಾ, ಎಲ್ರೂ ನಮ್ ಅಂಗಡಿ ಮಾತೇ ಆಡ್ತಾವ್ರೆ" ಎಂದರು.

ಆಮೇಲೆ ಕಲರ್ ಬಂತು. ಫಿಲ್ಮು ತೊಳೆಯಲು ಹಾಸನದ ಲ್ಯಾಬಿಗೆ ಹೋಗತೊಡಗಿತು, ನನ್ನ ಪೆನ್ಸಿಲ್ಲು ಡಬ್ಬಿ ಸೇರಿತು. ಆಮೇಲೆ ಫಿಲ್ಮೂ ಹೋಯಿತು. ನಿಮ್ಮ ತಾತ ಹೋದ ಮೇಲೆ ಸ್ಟುಡಿಯೋ ಮುಚ್ಚಿದೆವು. ಬೀರುವಿನಲ್ಲಿದ್ದ ನೆಗೆಟಿವ್‌ಗಳನ್ನು ಊರು ಊರಿಗೆ ವಿಂಗಡಿಸಿ, ಕಾಗದದಲ್ಲಿ ಸುತ್ತಿ, ಮನೆತನದ ಹೆಸರು ಬರೆದು ಆಯಾ ಊರಿನವರ ಕೈಯಲ್ಲಿ ಕಳಿಸಿಕೊಟ್ಟೆ. ಅರಕಲಗೂಡು, ಚನ್ನರಾಯಪಟ್ಟಣದ ಕಡೆಗೆಲ್ಲ ಹೋದವು. ಮುಖ ಅವರದಲ್ಲವೇ. ತಾಯಮ್ಮನ ನೆಗೆಟಿವ್ ಕೂಡ ಹೋಯಿತು. ಆಗಲಾದರೂ ಒಂದು ಚೀಟಿ ಬರೆದಿಡಬಹುದಿತ್ತು. ಇಡಲಿಲ್ಲ.

ಈಗ ಸ್ಕ್ಯಾನರಿನ ಮಾತು.

ಸಿಂಚನಾ ಮೊದಲು ತರಿಸಿದ್ದು ಅಂಗೈಯಗಲದ ಒಂದು ಡಬ್ಬಿ. ಆನ್‌ಲೈನಿನಲ್ಲಿ ಬಂತು. ಅದರ ಬಾಯಿಗೆ ಹೋಗುವುದು ಥರ್ಟಿಫೈವ್ ಎನ್ನುವ ಸಣ್ಣ ಫಿಲ್ಮು, ಮತ್ತು ಚೌಕಟ್ಟು ಹಾಕಿದ ಸಣ್ಣ ಸ್ಲೈಡು. ನಮ್ಮ ಕಾಲದ ಮುಖಗಳೆಲ್ಲ ಇರುವುದು ಒನ್‌ಟ್ವೆಂಟಿ ಎನ್ನುವ ಅಗಲ ಫಿಲ್ಮಿನಲ್ಲಿ.

"ಅಂಚು ಕತ್ತರಿಸಿದ್ರೆ ಹಿಡಿಯುತ್ತಲ್ಲ ಅಜ್ಜಿ?" ಎಂದು ಅವಳು ಕತ್ತರಿ ಎತ್ತಿಕೊಂಡಳು. ನಾನು ಎದ್ದು ಹೋಗಿ ಕತ್ತರಿ ಕಿತ್ತುಕೊಂಡೆ. ನನ್ನ ಮಂಡಿನೋವಿಗೆ ಅಷ್ಟು ಚುರುಕು ಎಲ್ಲಿತ್ತೋ! ಆ ಡಬ್ಬಿ ವಾಪಸ್ ಹೋಯಿತು. ಕೊಳ್ಳುವ ಮೊದಲು ನಿಮ್ಮ ಹತ್ತಿರ ಇರುವ ಫಿಲ್ಮಿನ ಅಳತೆ ನೋಡಿ. ಯಂತ್ರಕ್ಕೆ ತಕ್ಕಂತೆ ಫಿಲ್ಮು ಕತ್ತರಿಸಲಾಗದು.

ಎರಡನೆಯದನ್ನು ನೋಡಲು ಹಾಸನದ ಅಂಗಡಿಯೊಂದಕ್ಕೆ ನನ್ನನ್ನೂ ಕರೆದುಕೊಂಡು ಹೋದಳು. ದೊಡ್ಡ ಮಣೆಯಂಥ ಸ್ಕ್ಯಾನರು, ಮುಚ್ಚಳದೊಳಗೇ ದೀಪ. ಒನ್‌ಟ್ವೆಂಟಿ ಹಿಡಿಯುತ್ತಿತ್ತು. ಪರೀಕ್ಷೆಗೆಂದು ನಾನು ನಿಮ್ಮ ತಾತನ ಒಂದು ನೆಗೆಟಿವ್ ಒಯ್ದಿದ್ದೆ. ಚಿಕ್ಕವರಿದ್ದಾಗ ಕುಡುಗೋಲು ತಾಗಿ ಅವರ ಎಡಹುಬ್ಬು ಎರಡು ತುಂಡಾಗಿತ್ತು, ನಡುವೆ ಒಂದು ಬಿಳೀ ಗೆರೆ. ಅಂಗಡಿಯವರು ಸ್ಕ್ಯಾನ್ ಮಾಡಿ ತೋರಿಸಿದರು.

"ನೋಡಿ ಅಮ್ಮ, ಧೂಳು, ಗೀರು, ಕಲೆ ಎಲ್ಲಾ ಕಂಪ್ಯೂಟರೇ ತೆಗೆದ್ಬಿಡ್ತದೆ. ನೀವು ಏನೂ ಮಾಡಂಗಿಲ್ಲ."

ಪರದೆಯ ಮೇಲೆ ನಿಮ್ಮ ತಾತ ಇದ್ದರು. ಹುಬ್ಬು ಕೂಡಿಕೊಂಡಿತ್ತು. ಯಾರೋ ಅವರ ತಮ್ಮನಂತೆ ಕಂಡರು. ಆ ಯಂತ್ರ ಮಾಡಿದ್ದು ನಾನು ಅಂದು ಮಾಡಿದ್ದನ್ನೇ. ಯಾರೂ ಕೇಳಿರಲಿಲ್ಲ, ತಾನೇ ಚೆಂದ ಮಾಡಿತ್ತು.

"ಸಿಂಚನಾ, ಇದು ಬ್ಯಾಡ," ಎಂದೆ.

"ಯಾಕಜ್ಜಿ, ಎಷ್ಟು ನೀಟಾಗಿ ಬಂದಿದೆ!"

"ನಿಮ್ಮ ತಾತ ಅಲ್ಲ ಅದು."

ಅದನ್ನು ನಿಲ್ಲಿಸಬಹುದು ಎಂದು ಅಂಗಡಿಯವರು ತೋರಿಸಿಕೊಟ್ಟರು, ಪಾಪ. ಆದರೆ ಆ ಸ್ಕ್ಯಾನರನ್ನು ಬಸ್ಸಿನಲ್ಲಿ ಹೊತ್ತೊಯ್ಯುವಂತಿರಲಿಲ್ಲ. ಹೊತ್ತೊಯ್ಯಲೇಬೇಕಾದ ಕಾರಣ ಅದೇ ವಾರ ಬಂದಿತ್ತು. ರಾಮನಾಥಪುರದಿಂದ ತಾಯಮ್ಮನ ಮಗಳು ರತ್ನಮ್ಮ ಸಿಂಚನಾಗೆ ಫೋನು ಮಾಡಿದ್ದರು. ಗೋಡೆಯ ಪಟ ಗೆದ್ದಲು ಹಿಡಿದು ಹಾಳಾಗಿದೆ, ನೆಗೆಟಿವ್ ಟ್ರಂಕಿನಲ್ಲಿದೆ, ಹೊಸ ಪಟ ಆಗುತ್ತದೆಯೇ ಎಂದು ಕೇಳಿದರು. ಕಳಿಸಿಕೊಡಿ ಎಂದರೆ ಒಪ್ಪಲಿಲ್ಲ.

"ಅವ್ವನ್ನ ಬಸ್ಸಲ್ಲಿ ಒಬ್ಳನ್ನೇ ಕಳ್ಸಕಾದದಾ ಮಗಾ? ನೀವೇ ಬನ್ನಿ."

ಹೀಗೆ ಮೂರನೆಯದು ಬಂತು. ರೊಟ್ಟಿ ಡಬ್ಬಿಯಷ್ಟು ದೊಡ್ಡದು, ಕೈಚೀಲದಲ್ಲಿ ಹಿಡಿಯುತ್ತದೆ. ಅಗಲ ಫಿಲ್ಮಿಗೊಂದು ತಟ್ಟೆ, ಸಣ್ಣ ಫಿಲ್ಮಿಗೊಂದು, ಸ್ಲೈಡಿಗೊಂದು. ಕರೆಂಟು ಹೋದರೆ ಫೋನಿನ ಪವರ್ ಬ್ಯಾಂಕಿನಲ್ಲಿ ನಡೆಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ಇರುವುದನ್ನು ಇರುವಂತೆ ತೆಗೆಯುತ್ತದೆ. ದೊಡ್ಡದರಷ್ಟು ಸೂಕ್ಷ್ಮವಲ್ಲ, ನಿಜ. ನಿಮ್ಮ ತಾತನ ಹುಬ್ಬು ಮಾತ್ರ ಎರಡು ತುಂಡಾಗಿಯೇ ಬಂತು. ಅದನ್ನೇ ತೆಗೆದುಕೋ ಎಂದೆ.

"ನೀನೂ ಬರ್ತೀಯಾ ರಾಮನಾಥಪುರಕ್ಕೆ?" ಎಂದು ಸಿಂಚನಾ ಸುಮ್ಮನೆ ಕೇಳಿದಳು. ನಾನು ಬರುತ್ತೇನೆ ಎಂದಾಗ ಅವಳಿಗೆ ಆಶ್ಚರ್ಯ. ಡಬ್ಬಿಯಲ್ಲಿದ್ದ ಪೆನ್ಸಿಲ್ಲಿನ ಪಕ್ಕಕ್ಕೆ ಹತ್ತಿ, ಹೊಸ ಟರ್ಪೆಂಟೈನ್ ಬಾಟಲಿ ಇಟ್ಟುಕೊಂಡೆ. ಅರಕಲಗೂಡಿನಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಶಾಲೆಯ ಪದ್ಯದಂತೆ ಮನಸ್ಸಿನಲ್ಲೇ ಒಪ್ಪಿಸುತ್ತಿದ್ದೆ.

ರತ್ನಮ್ಮನಿಗೆ ಅರವತ್ತು ದಾಟಿದೆ. ತಾಯಿಯದೇ ಹಣೆ, ತಾಯಿಯದೇ ಗದ್ದ, ಚುಕ್ಕಿ ಇಲ್ಲ ಅಷ್ಟೆ. ಕಾಫಿ ಕೊಟ್ಟು, ಗೋಡೆಯ ಪಟ ತೋರಿಸಿದರು.

"ಮಕಾ ಅರ್ಧ ತಿಂದಾಕ್ಬುಟ್ಟದೆ ಗೆದ್ಲು. ಅಲ್ಲಾ ಅಕ್ಕಾ, ಮೊದ್ಲಿಂದಾನೂ ಇದು ನಮ್ಮವ್ವನ ಅಂಗೆ ಇರ್ನಿಲ್ಲ. ಗದ್ದದ ಮೇಲೆ ಮೂರ್ ಚುಕ್ಕಿ ಇತ್ತು. ಚಿಕ್ಕೋಳಿದ್ದಾಗ ಅವ್ವನ ಪಕ್ಕ ಮನಿಕ್ಕಂಡು ಬೆಳ್ಳಲ್ಲಿ ಎಣಸ್ತಿದ್ದೆ, ಒಂದು ಎರಡು ಮೂರು ಅಂತ. ನಾನು ಎಣಿಕೆ ಕಲ್ತಿದ್ದೇ ಅಲ್ಲಿ. ನನ್ ಸೊಸೆಗೆ ಏಳಿದ್ರೆ, ಪಟದಲ್ಲಿ ಇಲ್ವಲ್ಲತ್ತೆ, ನಿಮ್ಗೆ ಮರೆವು ಅಂತಾಳೆ. ಈಗೀಗ ನಂಗೇ ಅನ್ಮಾನ ಬತ್ತದೆ, ಇತ್ತೋ ಇಲ್ವೋ ಅಂತ."

ಒಪ್ಪಿಸಿಕೊಂಡು ಬಂದ ಮಾತು ಒಂದೂ ನೆನಪಾಗಲಿಲ್ಲ. "ಇತ್ತು ರತ್ನಮ್ಮ," ಎಂದೆ. "ನಾನೇ ಅಳಿಸಿದ್ದು."

ಆಮೇಲೆ ಎಲ್ಲ ಹೇಳಿದೆ. ಪರದೆ ಹಿಡಿದು ನಿಂತದ್ದನ್ನೂ ಬಿಡಲಿಲ್ಲ. ಸಿಂಚನಾ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅಷ್ಟು ಹೊತ್ತು ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ. ರತ್ನಮ್ಮ ಎದ್ದು ಒಳಗೆ ಹೋದರು. ಸಿಟ್ಟಾದರು ಎಂದುಕೊಂಡೆ. ಟ್ರಂಕಿನಿಂದ ಒಂದು ಹಳೇ ಸೀರೆ ತಂದು, ಅದರ ಮಡಿಕೆಯಲ್ಲಿದ್ದ ನನ್ನದೇ ಕೈಬರಹದ ಪೊಟ್ಟಣ ನನ್ನ ಮುಂದಿಟ್ಟರು.

"ಅಳ್ಸಿದ್ದು ವಾಪಸ್ ಬತ್ತದಾ?"

ನೆಗೆಟಿವ್ ಎತ್ತಿ ಬೆಳಕಿಗೆ ಹಿಡಿದೆ. ಅಂಚಿನಲ್ಲಿ ಬೂಷ್ಟು ಹಿಡಿದಿತ್ತು. ಫಿಲ್ಮಿನ ಮೇಲಿನ ಪೊರೆ ಇಷ್ಟು ಹಳತಾದರೆ ಒರೆಸುವಾಗ ಎದ್ದು ಬಂದರೂ ಬಂತು. ಬಂದರೆ ಮುಖವೇ ಹೋಯಿತು. ಇನ್ನೊಂದು ನೆಗೆಟಿವ್ ಲೋಕದಲ್ಲಿಲ್ಲ. ಇದನ್ನೆಲ್ಲ ರತ್ನಮ್ಮನಿಗೆ ಹೇಳಿ, "ನಿಮ್ಮವ್ವನ ಮುಖ. ನೀವು ಹೂಂ ಅಂದ್ರೆ ಮುಟ್ತೀನಿ, ಇಲ್ದಿದ್ರೆ ಇಲ್ಲ" ಎಂದೆ. ಅಂದು ಕೇಳಬೇಕಾಗಿದ್ದನ್ನು ಇಂದು ಕೇಳಿದೆ.

"ಮೊದಲು ಇದ್ದ ಹಾಗೇ ಒಂದು ತೆಗೆದಿಡೋಣ ಅಜ್ಜಿ," ಎಂದಳು ಸಿಂಚನಾ. ಒಳ್ಳೇ ಬುದ್ಧಿ. ನಿಮ್ಮ ಕೆಲಸದಲ್ಲಿ ಇದನ್ನು ಎಂದೂ ಬಿಡಬೇಡಿ. ಕೈ ಹಾಕುವ ಮೊದಲು ಸ್ಕ್ಯಾನ್ ಮಾಡಿ. ಲ್ಯಾಪ್‌ಟಾಪಿನಲ್ಲಿ ಮುಖ ಮೂಡಿತು. ಅವಳು ದೊಡ್ಡದು ಮಾಡಿದಾಗ ಗದ್ದದ ಮೇಲೆ ನನ್ನ ಪೆನ್ಸಿಲ್ ಗೆರೆಗಳು ಎರೆಹುಳುಗಳಂತೆ ಒಂದರ ಮೇಲೊಂದು ಕಂಡವು. ಪ್ರಿಂಟಿನಲ್ಲಿ ಯಾರಿಗೂ ಕಾಣದ್ದು, ಇಷ್ಟು ವರ್ಷ ಕಳೆದು, ಆ ರೊಟ್ಟಿ ಡಬ್ಬಿಗೆ ಕಂಡಿತ್ತು.

ರತ್ನಮ್ಮ ಬಗ್ಗಿ ಅದನ್ನು ನೋಡಿದರು. "ಹೂಂ. ಒರ್ಸು ಅಕ್ಕಾ."

ಪಾಪಣ್ಣನವರು ಕಲಿಸಿದಂತೆ ಮೊದಲು ಮುಖವಿಲ್ಲದ ಮೂಲೆಯಲ್ಲಿ ಮುಟ್ಟಿ ನೋಡಿದೆ. ಪೊರೆ ಏಳಲಿಲ್ಲ. ಕಡ್ಡಿಗೆ ಸುತ್ತಿದ ಹತ್ತಿಯನ್ನು ಟರ್ಪೆಂಟೈನಿಗೆ ಅದ್ದಿ, ಹಿಂಡಿ, ಗದ್ದದ ಮೇಲೆ ಒಂದೇ ದಿಕ್ಕಿಗೆ ಎಳೆದೆ. ಹತ್ತಿಯ ತುದಿ ಬೂದುಬಣ್ಣಕ್ಕೆ ತಿರುಗಿತು. ಹೊಸ ಹತ್ತಿ, ಮತ್ತೊಂದು ಸಲ. ಒಣಗಿದ ಮೇಲೆ ಸಿಂಚನಾ ತಟ್ಟೆಗಿಟ್ಟು ಒಳಗೆ ತಳ್ಳಿದಳು.

ಪರದೆಯ ಮೇಲೆ ಮೂರು ಚುಕ್ಕಿ.

ರತ್ನಮ್ಮ ಬೆರಳು ಮುಂದೆ ಚಾಚಿ, "ಒಂದು," ಎಂದರು. ಎರಡು, ಮೂರು ಎಂದು ಎಣಿಸಿ ಮುಗಿಸಿದರು. ಆಮೇಲೆ ಅಡುಗೆಮನೆಯ ಕಡೆಗೆ ತಿರುಗಿ ಸೊಸೆಯನ್ನು ಜೋರಾಗಿ ಕೂಗಿದರು. "ಬಾರಮ್ಮೀ ಇಲ್ಲಿ! ಯಾರ್ಗೆ ಮರೆವು ಅಂತ ನೋಡ್ಬಾ!"

ಹಣೆಯ ಗೆರೆ ಬರಲಿಲ್ಲ. ಅಲ್ಲಿ ನಾನು ಕುಡಿಸಿದ್ದ ಕೆಂಪು ಬಣ್ಣ ಪೊರೆಯೊಳಗೇ ಇಳಿದುಹೋಗಿತ್ತು. ನೀರಲ್ಲಿ ನೆನೆಸಿದರೆ ಬಿಡುತ್ತಿತ್ತೋ ಏನೋ, ಅಷ್ಟು ಹಳೇ ಫಿಲ್ಮನ್ನು ನೆನೆಸುವ ಧೈರ್ಯ ನನಗಿಲ್ಲ ಎಂದೆ. "ಕಂಪ್ಯೂಟರಲ್ಲಿ ನಾನೊಂದು ಗೆರೆ ಬರೆದುಬಿಡ್ಲಾ ಅಜ್ಜಿ?" ಎಂದು ಸಿಂಚನಾ ಪಿಸುಗುಟ್ಟಿದಳು. ನನ್ನನ್ನಲ್ಲ, ಅವರನ್ನು ಕೇಳು ಎಂದೆ. ಕೇಳಿದಳು.

"ಬ್ಯಾಡ ಮಗಾ," ಎಂದರು ರತ್ನಮ್ಮ. "ನೀನು ಬರ್ದಿದ್ದು ನಮ್ಮವ್ವಂದು ಆಗಕಿಲ್ಲ. ಇಷ್ಟು ಬಂತಲ್ಲ, ಸಾಕು."

ಹೊರಡುವಾಗ ನನ್ನ ಚೀಲದ ತುಂಬ ಅವರೆಕಾಯಿ ಸುರಿದು, "ಅವತ್ತೇ ಪರ್ದೆ ಸರ್ಸಿ ಬಂದಿದ್ರೆ ನಮ್ಮವ್ವ ನಿಂಗೆ ಬೈಯ್ಯೋದು ಒಂದು ಕಿತ, ಆಮೇಲೆ ಉಣ್ಣಕಿಕ್ಕೋದು ಕಣಕ್ಕಾ," ಎಂದು ನಕ್ಕರು. ಕ್ಷಮಿಸಿದೆ ಎಂಬ ಮಾತನ್ನು ಅವರು ಆಡಲಿಲ್ಲ, ನಾನೂ ಕೇಳಲಿಲ್ಲ.

ಈ ಕೆಲಸ ನನಗೆ ಅನ್ನ ಕೊಟ್ಟಿತು. ಮಾತು ಬಾರದವಳಿಗೆ ಮರೆಯಲ್ಲಿ ಒಂದು ಜಾಗ ಕೊಟ್ಟಿತು. ಮಾಡಿದ ತಪ್ಪನ್ನು ಮುಟ್ಟಿ ಒರೆಸುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು? ನನಗೆ ಮುಕ್ಕಾಲು ಪಾಲು ಸಿಕ್ಕಿತು. ಕಲಿಸಿದ ಪಾಪಣ್ಣನವರಿಗೆ, ನನ್ನ ಪರವಾಗಿ ಊರನ್ನೆಲ್ಲ ಕೇಳಿಕೊಂಡು ಬಂದ ನಿಮ್ಮ ತಾತನಿಗೆ, ನೆಗೆಟಿವನ್ನು ಸೀರೆಯಲ್ಲಿ ಕಾಪಾಡಿದ ರತ್ನಮ್ಮನಿಗೆ, ಆ ರೊಟ್ಟಿ ಡಬ್ಬಿಗೂ ಸೇರಿಸಿ ನಾನು ಋಣಿ.

ಬಸ್ಸಿನಲ್ಲಿ ಸಿಂಚನಾ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೇಳಿದಳು. "ಅಜ್ಜಿ, ಎರಡು ಫೈಲ್ ಇದೆ. ಒರೆಸೋ ಮೊದಲಿಂದು, ಒರೆಸಿದ ಮೇಲಿಂದು. ಹಳೇದನ್ನ ಅಳಿಸಿಬಿಡ್ಲಾ?"

"ಬ್ಯಾಡ. ಎರಡೂ ಇರ್ಲಿ."

"ಏನಂತ ಹೆಸರು ಕೊಡ್ಲಿ?"

"ಒರೆಸಿದ ಮೇಲಿಂದಕ್ಕೆ ತಾಯಮ್ಮ ಅಂತ ಬರಿ. ಮೊದಲಿಂದಕ್ಕೆ ನನ್ನ ಹೆಸರು ಬರಿ."